ಅವ್ವ ಬೇಡವೆಂದ ಜಲ್ಲಿ

ಹಿರೇಹಡಗಲಿ
14-3-2002

ತಮ್ಮ ಭೀಮೇಶನಿಗೆ ಅಣ್ಣ ಗಂಗಪ್ಪ ಹರಸಿ ಬರೆಯುವುದು.

ನೀನು, ಪ್ರಿಯಾ, ಕೂಸು ಹುಷಾರಾಗಿದ್ದೀರೆಂದು ತಿಳಿದಿದ್ದೇನೆ. ತಿಂಗಳಾದರೂ ಕಾಗದ ಬರೆಯಲಿಲ್ಲ, ಬೈಯಬೇಡ. ಬೈದರೂ ಸರಿಯೇ. ಬೂತಿನಿಂದ ಫೋನು ಮಾಡಿದಾಗ ಬಾಗಿಲ ಮೇಲಿನ ಸಜ್ಜಾ ಬಿದ್ದು ಅಂಜಿನಕ್ಕ ಸತ್ತಳು ಎಂದಷ್ಟೇ ಹೇಳಿದ್ದೆ. ನೆರೆಮನೆಯವಳಾದರೂ ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು.

ಕೆಡವಿದ ನೀರಿನ ಟಾಕಿಯ ಕಾಂಕ್ರೀಟನ್ನೇ ಒಡೆದು ಅವಳ ಹೊಸ ಮನೆಗೆ ಜಲ್ಲಿ ಮಾಡಿದ್ದೆವು. ಗಾರೆ ಕೆಲಸ ನನ್ನದು, ಒಡೆದವಳು ನಮ್ಮ ಅವ್ವ. ಡಿಪ್ಲೊಮಾ ಓದಿದ ನೀನು ದೀಪಾವಳಿಗೆ ಬಂದಾಗ ಹೇಳಿದ್ದೆಯಲ್ಲ, ಚಪ್ಪಟೆ ತುಂಡು, ಉದ್ದ ತುಂಡು ಬೇಡ, ಎಲ್ಲ ಕಡೆ ಸಮ ಇರಲಿ. ಹಳೇ ಸಿಮೆಂಟು ಮೆತ್ತಿಕೊಂಡದ್ದು ನೀರು ಕುಡಿಯುತ್ತದೆ, ಮೊದಲೇ ನೆನೆಸು, ಕಲಸುವಾಗ ಹೆಚ್ಚಿಗೆ ನೀರು ಹಾಕಬೇಡ ಎಂದು. ಅವ್ವ ಒಂದೊಂದನ್ನೂ ಅಂಗೈಯಲ್ಲಿ ಹೊರಳಿಸಿ ನೋಡುತ್ತಿದ್ದಳು. "ಇದು ಚಕ್ಕಿ, ಬ್ಯಾಡ" ಎಂದು ಚಪ್ಪಟೆಯದನ್ನೆಲ್ಲ ಗೋಡೆ ಬದಿಗೆ ಎಸೆಯುತ್ತಿದ್ದಳು. "ಯಕ್ಕಾ, ಸೊಸಿ ಹುಡುಕಿದಂಗ ಹುಡುಕ್ತಿಯಲ್ಲ!" ಎಂದು ಅಂಜಿನಕ್ಕ ನಗುತ್ತಿದ್ದಳು.

ಸೆಂಟ್ರಿಂಗ್ ಹಲಗೆ ಬಿಚ್ಚಿದ ಮರುದಿನ ಅವಳು ಬಾಗಿಲ ಮುಂದೆ ಕಸ ಗುಡಿಸುತ್ತಿದ್ದಳು. ಮೇಲಿನ ಸಜ್ಜಾ ಮುರಿದು ಬಿತ್ತು. ಕೂಗಲೂ ಇಲ್ಲ.

ಮುರಿದ ಸಜ್ಜಾದ ತುಂಬ ಚಪ್ಪಟೆ ಚಕ್ಕೆಗಳು ಕಂಡವು. ಈಗ ಊರ ಬಾಯಿಗೆ ಅವ್ವ ಸಿಕ್ಕಿದ್ದಾಳೆ. ಅಂಜಿನಕ್ಕನ ಮಗಳು ಕೊಟ್ರಮ್ಮ ನಮ್ಮ ಬಾಗಿಲಿಗೇ ಬಂದು, "ಕಣ್ಣು ಕಾಣದಿದ್ರ ಸುತ್ತಿಗಿ ಯಾಕ ಹಿಡದಿಬೇ ಮುದುಕಿ?" ಎಂದು ಎದೆ ಬಡಿದುಕೊಂಡಳು. ಅವ್ವ, "ಹೌದವ್ವ, ನನ್ನ ಕಣ್ಣೇ ತಪ್ಯಾವ" ಎಂದಳು. ಅಂದಿನಿಂದ ಸರಿಯಾಗಿ ಉಣ್ಣುತ್ತಿಲ್ಲ. ಭಾನುವಾರ ನೀನು ಬಂದು ಹಡಗಲಿಯ ಕಣ್ಣಿನ ಡಾಕ್ಟರಿಗೆ ತೋರಿಸಬೇಕಂತೆ. ಬರೆಯೆಂದು ನನಗೇ ಹೇಳಿದ್ದಾಳೆ.

ನಿಮಗೆಲ್ಲ ಒಳ್ಳೆಯದಾಗಲಿ. ಕೂಸಿಗೆ ಮುತ್ತು.

ನಿನ್ನ ಅಣ್ಣ
ಗಂಗಪ್ಪ

ತಾ.ಕ.: ಅವ್ವನ ಕಣ್ಣು ತಪ್ಪಿಲ್ಲ, ತಮ್ಮಾ. ಸಜ್ಜಾ ಹಾಕುವ ದಿನ ನಾಲ್ಕು ಬುಟ್ಟಿ ಜಲ್ಲಿ ಕಡಿಮೆ ಬಿತ್ತು. ನಡುವೆ ನಿಲ್ಲಿಸುವಂತಿರಲಿಲ್ಲ. ಅವ್ವ ಮನೆಗೆ ಹೋಗಿದ್ದಳು. ಅವಳು ಎಸೆದ ರಾಶಿಯಿಂದಲೇ ತುಂಬು ಎಂದೆ. ಬುಟ್ಟಿ ಹೊತ್ತವಳು ಅಂಜಿನಕ್ಕ. "ಇವು ಬ್ಯಾಡಂದ್ಲಲ್ಲೋ ನಿಮ್ಮವ್ವ?" ಎಂದಳು. "ಸಜ್ಜಾಕ್ಕ ಏನಾಕ್ಕೈತಿ, ಹಾಕು" ಎಂದು ನಾನೇ ಗದರಿಸಿದೆ. ಕಾಂಕ್ರೀಟು ಬಿರುಸಾಗಿ ಹಲಗೆಯ ಮೇಲೆ ಸರಿಯದಾದಾಗ ಮತ್ತೆರಡು ಕೊಡ ನೀರು ಸುರಿದೆ. ಕೊಟ್ರಮ್ಮ ಬೈಯುವಾಗ ನಾನು ಭಾಡ್ಯಾ ಒಳಗೇ ಕೂತಿದ್ದೆ. ಭಾನುವಾರ ಡಾಕ್ಟರ ಹತ್ತಿರ ಹೋಗಬೇಡ. ಕೊಟ್ರಮ್ಮನನ್ನು ಕರೆಸು, ಅವ್ವನನ್ನು ಕೂಡಿಸು, ಈ ಕಾಗದವನ್ನು ಗಟ್ಟಿಯಾಗಿ ಓದು. ನಾನು ಎದ್ದು ಹೋಗಲು ನೋಡಿದರೆ ಬಾಗಿಲು ಹಾಕು.