ನಡುಗುವ ಕೈಗಳ ಪಾಠ

ತಂಪುಗಣಿ, ಎರಡನೇ ಅಂತಸ್ತು
ಮೂರನೇ ವೈಶಾಖ, ಬಹುಳ ಹತ್ತೊಂಬತ್ತು

ಚಿರಂಜೀವಿ ಸುಗುಣಾಳಿಗೆ ಮುನಿತಾಯಮ್ಮ ಮಾಡುವ ಆಶೀರ್ವಾದ.

ವಂಶದ ಲೆಕ್ಕದಲ್ಲಿ ನೀನು ನನ್ನ ಮುತ್ತಜ್ಜಿಯ ಮುತ್ತಜ್ಜಿ, ನಾನೇ ನಿನ್ನ ಕಾಲಿಗೆ ಬೀಳಬೇಕು. ಆದರೆ ಇದನ್ನು ಓದುವ ಹೊತ್ತಿಗೆ ನೀನಿನ್ನೂ ಮದುವೆಯಾಗದ ಹುಡುಗಿ, ನಾನು ಹಲ್ಲು ಬಿದ್ದ ಮುದುಕಿ. ಅದಕ್ಕೇ ಮಗಳೇ ಎನ್ನುತ್ತೇನೆ. ತಾರೀಖು ನೋಡಿ ನಗಬೇಡ. ಬೇಸಿಗೆ ಮುಗಿಯದ್ದರಿಂದ ವೈಶಾಖವನ್ನೇ ಮೂರು ಸಲ ಎಣಿಸುತ್ತೇವೆ. ನೆಲದಡಿ ಚಂದ್ರ ಕಾಣುವುದಿಲ್ಲ. ಮೇಲೆ ಹೋದವರು ಯಾರಾದರೂ ಇಳಿದು ಬಂದು ಅಮಾವಾಸ್ಯೆಯಾಯಿತು ಎನ್ನುವವರೆಗೆ ಬಹುಳ ಬೆಳೆಯುತ್ತಲೇ ಇರುತ್ತದೆ. ನನ್ನ ಮಾತೂ ನಿನಗೆ ಸೊಟ್ಟಗೆ ಕೇಳಿಸೀತು. ನಾನು ಶಾಲೆ ಕಂಡವಳಲ್ಲ. ಅಕ್ಷರವನ್ನೂ ನಿಮ್ಮ ಕಾಲದ ಕಂಪ್ಯೂಟರ್ ಕೋಡನ್ನೂ ಒಬ್ಬಳೇ ಕೂತು ತಡವಿ ತಡವಿ ಕಲಿತವಳು. ಹೊಟ್ಟೆಗೆ ಹಾಕಿಕೋ.

ತಂಪುಗಣಿ ಎಂದರೆ ಚಿನ್ನ ಮುಗಿದ ಮೇಲೆ ನೀವು ಬಿಟ್ಟುಹೋದ ಗಣಿ. ಮೇಲಿನ ನೆಲದಲ್ಲಿ ಬಿಸಿಲಿಗೆ ಹಗಲು ಬದುಕಲಾಗದೆ ಇಳಿದು ಬಂದೆವು. ಬೆಳಗಿನ ಜಾವ ಮೇಲೆ ಮುದ್ದೆ ತೊಳಸಿ ಹಗ್ಗ ಕಟ್ಟಿ ಇಳಿಸುತ್ತಾರೆ. ಒಲೆ ಹೊತ್ತಿಸಿದರೆ ಇಲ್ಲಿ ಹೊಗೆಗೆ ದಾರಿಯಿಲ್ಲ. ಬಟ್ಟೆ ಉಸಿರುಗಾಲಿಯ ಮುಂದೆ ಒಣಗುತ್ತದೆ. ಉಸಿರುಗಾಲಿ ಎಂದರೆ ಗಾಳಿ ಎಳೆದು ಕೊಡುವ ದೊಡ್ಡ ಚಕ್ರ. ಅದು ನಿಂತರೆ ನಾವೂ ನಿಂತಂತೆ, ಹಾಗಾಗಿ ನಿಲ್ಲಿಸುವುದಿಲ್ಲ. ಅದರ ಆರ್ಭಟಕ್ಕೆ, ಇಲ್ಲಿ ಹುಟ್ಟಿದ ಮಕ್ಕಳ ಕಿವಿ ಹಾಲುಹಲ್ಲು ಬೀಳುವ ಮೊದಲೇ ಹೋಗುತ್ತದೆ. ಜೋಗುಳವನ್ನು ಬೆನ್ನು ತಟ್ಟಿಯೇ ಹಾಡುತ್ತೇವೆ. ನಾನು ಬೆಳೆದ ಮೇಲೆ ಇಳಿದವಳು, ಎಡಗಿವಿಯಲ್ಲಿ ಒಂದಿಷ್ಟು ಉಳಿದಿದೆ.

ಮಾತಿಗೆ ನಮ್ಮಲ್ಲಿ ನಾಲ್ಕು ಸನ್ನೆ ಇದ್ದವು: ನೀರು, ಹತ್ತು, ಇಳಿ, ಬೇಡ. ಅಷ್ಟರಲ್ಲಿ ಕುರಿ ಕಾಯಬಹುದು, ಮಗು ಸಾಕಲಾಗದು. ನಿನ್ನೆ ಎನ್ನಲು ಸನ್ನೆಯಿಲ್ಲ, ಯಾಕೆ ಎನ್ನಲೂ ಇಲ್ಲ. ನಿಮ್ಮ ಕಾಲದಲ್ಲಿ ಹಾಲ್ದೊಡ್ಡಿ ಎಂಬ ಊರಿತ್ತು. ತಲೆತಲಾಂತರದಿಂದ ಅಲ್ಲಿ ಕಿವುಡರು ಹುಟ್ಟುತ್ತಿದ್ದರು, ಕಿವಿಯಿದ್ದವರೂ ಅವರ ಜೊತೆ ಕೈಯಲ್ಲೇ ಮಾತಾಡುತ್ತಿದ್ದರು. ಜಗಳ, ಚಾಡಿ, ಪಂಚಾಯ್ತಿ, ಹೆಣ್ಣು ಕೇಳುವುದು, ಎಲ್ಲ ಕೈಯಲ್ಲೇ. ಊರು ಉಳಿಯಲಿಲ್ಲ. ಯಾರೋ ಪುಣ್ಯಾತ್ಮರು ಅಲ್ಲಿನ ಮುದುಕಿಯರ ಕೈಮಾತನ್ನು ಹಳೆಯ ಟೇಪ್ ಕ್ಯಾಮೆರಾದಲ್ಲಿ ಹಿಡಿದಿಟ್ಟಿದ್ದರು. ಅದರಿಂದ ನಮ್ಮ ಮಕ್ಕಳಿಗೆ ಭಾಷೆ ಬರಲಿ ಎಂದು, ಹಳೆಯ ಚಿತ್ರಗಳನ್ನು ಕೂಡಿಟ್ಟ ಭಂಡಾರದಿಂದ ತರಿಸಿಕೊಂಡೆವು.

ತೆರೆದು ನೋಡಿದರೆ ಮುಖ ಸ್ಪಷ್ಟ. ಸೀರೆಯ ಅಂಚು ಸ್ಪಷ್ಟ, ಹಿಂದಿನ ಗೋಡೆಯ ಸುಣ್ಣ ಸ್ಪಷ್ಟ. ಕೈ ಮಾತ್ರ ಹೊಗೆ.

ಯಾಕೆಂದು ಹುಡುಕಲು ಹೊರಟು ನಿನ್ನವರೆಗೆ ಬಂದೆ. ಒಂದು ಬಗೆಯ ವಿಡಿಯೋವನ್ನು ಇನ್ನೊಂದು ಬಗೆಗೆ ಸುರಿಯುವ ನಿಮ್ಮ ಕಂಪ್ಯೂಟರ್ ಉಪಕರಣ, ಎರಕ. ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ್ದು, ಕಾಸಿಲ್ಲದ್ದು. ನಿಮ್ಮ ದೊಡ್ಡ ಮನಸ್ಸಿಗೆ ಈಗಲೂ ಕೈ ಮುಗಿಯುತ್ತೇನೆ. ಆ ಹಳೆಯ ಕ್ಯಾಮೆರಾಗಳು ಒಂದೊಂದು ಚಿತ್ರವನ್ನೂ ಅಡ್ಡಗೆರೆಗಳ ಎರಡು ಬಾಚಣಿಗೆಯಾಗಿ ಸೀಳುತ್ತಿದ್ದವು. ಬೆಸ ಗೆರೆಗಳು ಮೊದಲು, ಸರಿ ಗೆರೆಗಳು ಚಿಟಿಕೆ ಹೊಡೆಯುವಷ್ಟು ತಡವಾಗಿ. ಎರಕದ ಹಳೆಯ ಕೋಡು ಎರಡನ್ನೂ ಬೇರೆಬೇರೆ ಚಿತ್ರವಾಗಿ ಬಿಡಿಸಿಡುತ್ತಿತ್ತು. ಆ ಕೋಡು ಗೋಜಲು, ನಾನೂ ಓದಿದ್ದೇನೆ, ಹಂದಿಯ ಕರುಳಿನ ಹಾಗಿದೆ. ನೀನು ಒಳಗನ್ನೆಲ್ಲ ಚೊಕ್ಕ ಮಾಡಿ ಕಟ್ಟುವಾಗ ಅದನ್ನು ಕಿತ್ತೆ. ಎರಡು ಬಾಚಣಿಗೆಯನ್ನೂ ಬೆರೆಸಿ ಒಂದೇ ಚಿತ್ರ ಮಾಡುವ ಪುಟ್ಟ ತುಂಡು ಬರೆದೆ. ಚೆಂದದ ತುಂಡು. ನಿಂತಿದ್ದಕ್ಕೆ ಅದರಿಂದ ಏನೂ ಆಗುವುದಿಲ್ಲ. ಆಡುವ ಕೈ ಮಾತ್ರ ಎರಡು ಜಾಗದಲ್ಲಿದ್ದುದು ಕಲಸಿ ಮಂಜಾಗುತ್ತದೆ. ಹೊಸ ತುಂಡಿಗೆ ಒಡ್ಡಿದ ಪರೀಕ್ಷೆಗಳೆಲ್ಲ ಪಾಸಾದವು. ಪರೀಕ್ಷೆ ಮಾಡಿದವರೆಲ್ಲ ಬಾಯಲ್ಲಿ ಮಾತಾಡುವವರು, ಅವರು ಮುಖ ನೋಡಿದರು.

ಒಬ್ಬ ಮಾತ್ರ ದೂರು ಕೊಟ್ಟ. ಹಾಲ್ದೊಡ್ಡಿಯ ಕಿವುಡ ಗಂಗುಲಪ್ಪ. ಬರಹ ಅವನಿಗೆ ಪರಭಾಷೆ, ಹಾಗಾಗಿ ಎರಡೇ ಮಾತು: "ಕೈ ಇಲ್ಲ." ಮಾದರಿ ಫೈಲ್ ಲಗತ್ತಿಸಿ ಎಂದು ಯಾರೋ ಕೇಳಿದರು. ಅವನು ಮತ್ತೆ ಬರೆದ: "ಅಮ್ಮ ಮಾತು. ಕೈ ಇಲ್ಲ." ಆಗ ನೀನು ಬರೆದೆ: "ಕನ್ನಡಕ ಒರೆಸಿಕೊಂಡು ನೋಡಿ ಸಾರ್." ಅದರ ಕೆಳಗೆ ನಿನ್ನ ಜೊತೆಗಾರರು ಮೆಚ್ಚಿ ಒತ್ತಿದ ಹೆಬ್ಬೆರಳಿನ ಚಿತ್ರಗಳ ಸಾಲು. ಆಮೇಲೆ ಉತ್ತರ ಬಾರದ ದೂರನ್ನು ಯಂತ್ರ ತಾನೇ ಮುಚ್ಚಿತು. ಭಂಡಾರದವರು ಟೇಪುಗಳನ್ನೆಲ್ಲ ಎರಕದಿಂದ ಸುರಿದುಕೊಂಡು ಮೂಲವನ್ನು ಅಳಿಸಿದರು. ಆ ಊರಿನ ಪಾಲಿಗೆ ನಿಮ್ಮ ಕಾಲದಿಂದ ಸ್ಪಷ್ಟವಾಗಿ ಉಳಿದ ಕೈ ಆ ಹೆಬ್ಬೆರಳುಗಳು ಮಾತ್ರ.

ಇಷ್ಟಾದರೂ ನಮ್ಮ ಮಕ್ಕಳು ಆ ಚಿತ್ರಗಳ ಮುಂದೆ ಕೂತು ಕಲಿತರು. ಹೊಗೆಯನ್ನೇ ಕಲಿತರು. ಹಾಲ್ದೊಡ್ಡಿಯವರು ಕೈ ನಡುಗಿಸಿಯೇ ಮಾತಾಡುತ್ತಿದ್ದರೆಂದು ನಂಬಿ, ಬೆರಳುಗಳನ್ನು ಗಾಳಿಯಲ್ಲಿ ಅದುರಿಸುತ್ತಾರೆ. ನನ್ನ ಮೊಮ್ಮಗಳು ಪಾಪಕ್ಕ ಎಲ್ಲರಿಗಿಂತ ಚೆನ್ನಾಗಿ ಅದುರಿಸುತ್ತಿದ್ದಳು. ಅದುರಿಸಿ, ಅರ್ಥವಾಯಿತೇ ಎಂದು ಕಣ್ಣರಳಿಸಿ ಕಾಯುತ್ತಿದ್ದಳು. ನಿನ್ನ ಕಣ್ಣೇ ಮಗಳೇ, ಭಾವಚಿತ್ರದಲ್ಲಿ ನೋಡಿದ್ದೇನೆ.

ಹೋದ ವೈಶಾಖದಲ್ಲಿ ಕೆಳಗಿನ ಸುರಂಗದಲ್ಲಿ ಕಲ್ಲು ಕಳಚಿ ಅವಳ ತಮ್ಮ ಚೌಡ ಸಿಕ್ಕಿಕೊಂಡ. ಆಗಿನ್ನೂ ಉಸಿರಿತ್ತು. ಪಾಪಕ್ಕ ಓಡಿಬಂದು ಸುರಂಗದ ಬಾಯಿ ಕಾಯುವ ಬಯ್ಯಣ್ಣನ ಮುಂದೆ ನಿಂತು ತನಗೆ ಬಂದ ಭಾಷೆಯನ್ನೆಲ್ಲ ಕೈಯಲ್ಲಿ ಸುರಿದಳು. ಬಯ್ಯಣ್ಣ ಕೆಟ್ಟವನಲ್ಲ. "ಪಾಠ ಒಪ್ಪಿಸ್ತಾವಳೆ ಅಂದ್ಕಂಡೆ ಕಣಕ್ಕೋ, ಭೇಷ್ ಅಂದೆ," ಎಂದು ಆಮೇಲೆ ನನ್ನ ಮುಂದೆ ಎದೆ ಬಡಿದುಕೊಂಡ. ಭೇಷ್ ಎನ್ನಲು ನಮ್ಮಲ್ಲಿ ಹೆಬ್ಬೆರಳು ಎತ್ತುತ್ತೇವೆ. ಅವಳು ಮತ್ತೆ ಅದುರಿಸಿದಳು, ಅವನು ಮತ್ತೆ ಎತ್ತಿದ. ಅವಳು ತೋಳು ಹಿಡಿದೆಳೆದಾಗ ನಕ್ಕು, ಬೆನ್ನು ತಟ್ಟಿ ಕಳಿಸಿದ. ಸಂಜೆ ಮುದ್ದೆ ಹಂಚುವಾಗ ಒಂದು ತಟ್ಟೆ ಮಿಕ್ಕಿತು. ಆಗ ತಿಳಿಯಿತು.

ಈಗ ಪಾಪಕ್ಕ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾಳೆ. ನೀರು ಎಂದೂ ಕೇಳುವುದಿಲ್ಲ.

ಯಾರು ಯಾವತ್ತು ಏನು ತಿದ್ದಿದರೆಂದು ಬರೆದಿಡುವ ಎರಕದ ಚರಿತ್ರೆಯಲ್ಲಿ ಯಾವ ತಾರೀಖು ಹಾಕಿದರೂ ಅದು ಒಪ್ಪುತ್ತದೆ, ನೀವೇ ಹಾಗೆ ಕಟ್ಟಿದ್ದೀರಿ. ಗಂಗುಲಪ್ಪನ ದೂರು ಬರುವ ಹಿಂದಿನ ದಿನ ಹಾಕಿ ಈ ಕಾಗದವನ್ನು ಅಲ್ಲಿ ಸೇರಿಸುತ್ತಿದ್ದೇನೆ. ಚೊಕ್ಕ ಮಾಡಬೇಡ ಎನ್ನುವುದಿಲ್ಲ, ಮನೆಯೆಂದ ಮೇಲೆ ಗುಡಿಸಲೇಬೇಕು. ನಾಳೆ ಅವನ ಎರಡು ಮಾತು ಬಂದಾಗ, ಯಾರ ಕೈಯಪ್ಪಾ ಎಂದು ಒಂದು ಸಲ ಕೇಳು. ಅಷ್ಟೇ.

ನೀನು ಕೇಳುವುದಿಲ್ಲ. ಇದನ್ನು ಸೇರಿಸಿದ ಮೇಲೂ ಆ ದೂರನ್ನು ತೆರೆದು ನೋಡಿದೆ. ನಿನ್ನ ಕನ್ನಡಕದ ಮಾತು ಅಲ್ಲೇ ಇದೆ, ಹೆಬ್ಬೆರಳುಗಳೂ ಇವೆ.

ಹೊತ್ತಿಗೆ ಸರಿಯಾಗಿ ಉಣ್ಣು ತಾಯಿ. ಕಣ್ಣು ಜೋಪಾನ.

ನಿನ್ನ ಮುನಿತಾಯಮ್ಮ