ಭಟ್ಟಿ ಕಾಣದ ಗುರು

ನ್ಸವಾಮ್,
14 ಜೂನ್ 1999, ಸೋಮವಾರ

ಪ್ರೀತಿಯ ಕ್ವಾಬೆನಾ ಅಣ್ಣನಿಗೆ,

ನಿನ್ನ ಮಂಡಿನೋವು ಹೇಗಿದೆ? ಗಣಿಯ ಡಾಕ್ಟರು ಕೊಟ್ಟ ಮುಲಾಮನ್ನು ನೆಚ್ಚಿಕೊಂಡು ಕೂರಬೇಡ. ಶಿಯಾ ಬೆಣ್ಣೆಯನ್ನು ಬೆಚ್ಚಗೆ ಮಾಡಿ ತಿಕ್ಕಲು ಅತ್ತಿಗೆಗೆ ಹೇಳು. ಮಕ್ಕಳೆಲ್ಲ ಚೆನ್ನಾಗಿದ್ದಾರೆಂದು ನಂಬಿದ್ದೇನೆ. ನಾನು ಆರೋಗ್ಯವಾಗಿದ್ದೇನೆ. ಮಳೆ ಹಿಡಿದಿರುವುದರಿಂದ ಸೌದೆಯೆಲ್ಲ ಹಸಿಯಾಗಿದೆ, ಭಟ್ಟಿ ಕಾಯುವುದು ತಡ, ಬ್ರೆಡ್ಡು ಬಿಳಿಚಿಕೊಂಡೇ ಹೊರಗೆ ಬರುತ್ತಿದೆ. ಈ ಕಾಗದವನ್ನು ತಾರ್ಕ್ವಾ ಬಸ್ಸಿನ ಚಾಲಕನ ಕೈಯಲ್ಲಿ ಕಳಿಸುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನ್ನ ಮಾತು ಅರ್ಧವಾಗುವಷ್ಟರಲ್ಲಿ ನೀನು "ಆಯ್ತಮ್ಮ, ಆಯ್ತು" ಅಂದುಬಿಡುತ್ತೀಯ. ಕಾಗದಕ್ಕೆ ಹಾಗೆ ಹೇಳಲು ಬರುವುದಿಲ್ಲ.

ಮಗಳಿಗೆ ಗುರುವೆಂದು ನೀನು ಗೊತ್ತುಮಾಡಿದ ಡೈರೆಕ್ಟರ್ ಬೆಂಟ್ಸಿಲ್ ಅವರನ್ನು ನಾನೂ ಸೆಚೆರೆವಾಳೂ ಶನಿವಾರ ಅಕ್ರಾಗೆ ಹೋಗಿ ನೋಡಿಕೊಂಡು ಬಂದೆವು. ತಂಗಿಯ ಮಗಳಿಗೆ ದಾರಿ ತೋರಿಸುವುದು ಸೋದರಮಾವನ ಹಕ್ಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅವಳು ಹಿತ್ತಿಲಲ್ಲಿ ಸ್ವಂತ ಭಟ್ಟಿ ಕಟ್ಟಿಸಿಕೊಂಡಾಗ, ವ್ಯಾಪಾರಕ್ಕೆ ಇಳಿಯುವ ಮೊದಲು ಒಬ್ಬ ಗುರು ಬೇಕು, ಹೆತ್ತವಳೇ ಗುರುವಾಗಬಾರದು ಎಂದು ನೀನು ಹೇಳಿದೆ. ಅದೂ ಸರಿ. ಅವಳು ಕರಕಲು ಮಾಡಿದ ಬ್ರೆಡ್ಡನ್ನು ನಾನು ಸದ್ದಿಲ್ಲದೆ ಸಾರಿಗೆ ಅದ್ದಿಕೊಂಡು ತಿಂದುಬಿಡುತ್ತೇನೆ. ಅವಳು ಏನೂ ಕಲಿಯುವುದಿಲ್ಲ. ಆದರೆ ರೇಡಿಯೋದಲ್ಲಿ ಬೆಳಗ್ಗೆ ವ್ಯಾಪಾರದ ಉಪದೇಶ ಹೇಳುವ ಅವರ ದನಿಯೊಂದನ್ನೇ ಕೇಳಿ, ಈಸ್ಟರಿನಲ್ಲಿ ಎರಡು ಬಾಟಲಿ ಶ್ನಾಪ್ಸ್ ಮದ್ಯ ಹಿಡಿದು ಹೋಗಿ, ನಮ್ಮ ಕುಟುಂಬದ ಹೆಸರಿನಲ್ಲಿ ಮಾತು ಕೊಟ್ಟು ಬಂದೆಯಲ್ಲ, ಅದನ್ನು ಏನೆಂದು ಕರೆಯಲಿ? ಮೇಕೆ ಕೊಳ್ಳುವಾಗಲೂ ನೀನು ಬಾಯಿ ತೆರೆಸಿ ಹಲ್ಲು ನೋಡುತ್ತೀಯ.

ಡೈರೆಕ್ಟರರ ಕಚೇರಿ ಒಂದು ಹೋಟೆಲಿನ ಮಹಡಿಯಲ್ಲಿದೆ. ಒಳಗೆ ಎಷ್ಟು ಥಂಡಿಯೆಂದರೆ ಅಲ್ಲಿ ಹಿಟ್ಟು ಕಲಸಿಟ್ಟರೆ ಕ್ರಿಸ್‌ಮಸ್‌ವರೆಗೂ ಉಬ್ಬುವುದಿಲ್ಲ. ಕೈ ಕುಲುಕಿದರು. ಹುಟ್ಟಿ ವಾರವಾಗದ ಕೂಸಿನ ಅಂಗಾಲು ಮುಟ್ಟಿದ ಹಾಗಾಯಿತು. ಐವತ್ತು ದಾಟಿದ ಗಂಡಸು, ಅಂಗೈಯಲ್ಲಿ ಒಂದು ಗೆರೆ ಗಟ್ಟಿಯಾಗಿಲ್ಲ. ಕುಳಿತ ಕೂಡಲೇ ಸೆಚೆರೆವಾಳಿಗೆ ಉಪದೇಶ ಶುರುವಾಯಿತು. "ಮಗಳೇ, ಹಿಟ್ಟು ಮುಟ್ಟೋನು ಕೂಲಿ, ಮುಟ್ಟಿಸೋನು ಮಾಲೀಕ. ಇವತ್ತಿಂದ ನೀನು ಹಿಟ್ಟು ಮುಟ್ಟಬೇಡ." ಹಿಟ್ಟು ಮುಟ್ಟದೆ ಅದು ಹದಕ್ಕೆ ಬಂದದ್ದು ಗೊತ್ತಾಗುವುದು ಹೇಗೆ ಎಂದು ನಾನು ಕೇಳಲಿಲ್ಲ. ಬೇರೆ ಪ್ರಶ್ನೆ ಕೇಳಿದೆ. "ಸಾರ್, ಜೋರು ಮಳೆ ಬಂದು ನಾವು ಮಾರೋ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲದಿದ್ರೆ, ಉಳಿದ ಬ್ರೆಡ್ಡು ಏನ್ ಮಾಡ್ಬೇಕು?"

"ಅಮ್ಮಾ, ಉಳಿಯೋದು ಬ್ರೆಡ್ಡಲ್ಲ. ನಿಮ್ಮ ಮನಸ್ಸಲ್ಲಿರೋ ಭಯ."

"ಭಯಕ್ಕೆ ಬೂಷ್ಟು ಹಿಡಿಯಲ್ಲ ಸಾರ್. ಬ್ರೆಡ್ಡಿಗೆ ಹಿಡಿಯುತ್ತೆ."

ಅವರು ನಕ್ಕರು. ನಗುವುದೂ ಅವರ ಪಾಠದ ಒಂದು ಭಾಗವಿರಬೇಕು. ಹಿಂದಿನ ಗೋಡೆಯ ತುಂಬ ಶಿಷ್ಯರ ಫೋಟೋಗಳು, ಎಲ್ಲರ ಹೆಗಲ ಮೇಲೂ ರೇಷ್ಮೆಯ ಪಟ್ಟಿ. ಇವರೆಲ್ಲ ಏನು ವ್ಯಾಪಾರ ಮಾಡುತ್ತಾರೆಂದು ಕೇಳಿದೆ. ಬಲು ಖುಷಿಯಿಂದ ಒಬ್ಬೊಬ್ಬರನ್ನೇ ತೋರಿಸಿದರು. "ಇವ್ರು ಕೊಫೊರಿಡುವಾದಲ್ಲಿ ವ್ಯಾಪಾರ ಹೇಗ್ ಮಾಡ್ಬೇಕು ಅಂತ ಕಲಿಸ್ತಾರೆ. ಇವ್ರು ಕೇಪ್ ಕೋಸ್ಟಲ್ಲಿ ಕಲಿಸ್ತಾರೆ. ಈಕೆ ಹೆಂಗಸ್ರಿಗೆ ಮಾತ್ರ ಕಲಿಸ್ತಾರೆ." ಅಣ್ಣಾ, ಆ ಗೋಡೆಯ ಮೇಲಿನ ಒಬ್ಬರೂ ಒಂದು ಬೆಂಕಿಪೊಟ್ಟಣ ಮಾರುವವರಲ್ಲ. ಹುಂಜದ ಶಾಲೆಯಲ್ಲಿ ಕಲಿತವರೆಲ್ಲ ಕೂಗುತ್ತಾರೆ, ಮೊಟ್ಟೆ ಇಡುವವರು ಯಾರೂ ಇಲ್ಲ. ನಿನ್ನ ಎರಡು ಬಾಟಲಿಗಳನ್ನೂ ಕಂಡೆ. ಗಾಜಿನ ಕಪಾಟಿನಲ್ಲಿ, ನಮ್ಮಂತಹ ಇನ್ನಷ್ಟು ಮನೆಗಳವರು ಕೊಟ್ಟ ಬಾಟಲಿಗಳ ಸಾಲಿನಲ್ಲಿ ನಿಂತಿದ್ದವು. ಪೂರ್ವಿಕರಿಗೆ ಒಂದು ತೊಟ್ಟು ಸುರಿದು ಮಗುವನ್ನು ಹರಸಲೆಂದು ಕೊಟ್ಟದ್ದು ಅಲ್ಲಿ ಶೋಕಿಗೆ ನಿಂತಿದೆ.

ಕೊನೆಗೆ ಒಂದು ಕಾಗದ ಹೊರತೆಗೆದರು. ಇಲ್ಲಿ ನಾವು ಪ್ರತಿ ಬ್ರೆಡ್ಡಿನ ನೆತ್ತಿಗೂ ಬೇಯಿಸುವ ಮೊದಲು ಹೆಸರಿನ ಚೀಟಿ ಅಂಟಿಸುತ್ತೇವಲ್ಲ, ಸೆಚೆರೆವಾಳ ಬ್ರೆಡ್ಡಿಗೆಂದು ಅವರು ಅಂತಹ ಚೀಟಿಯನ್ನು ಆಗಲೇ ಅಚ್ಚು ಹಾಕಿಸಿದ್ದರು. ಅದರ ಮೇಲೆ ಅವರದೇ ಮುಖ. ಕೆಳಗೆ "ಬೆಂಟ್ಸಿಲ್ ಯಶಸ್ಸಿನ ಬ್ರೆಡ್". ನನ್ನ ಮಗಳ ಹೆಸರು ಹುಡುಕಿದೆ. ಇರಲಿಲ್ಲ. ಅವಳೂ ಹುಡುಕಿದಳು. ಜುಲೈ ಮೊದಲ ಶನಿವಾರ ಕುಟುಂಬದವರು ಸೇರಿ ಅವಳನ್ನು ವಿಧಿಪೂರ್ವಕವಾಗಿ ಒಪ್ಪಿಸಿಕೊಟ್ಟರೆ ಇನ್ನು ಮೂರು ವರ್ಷ ಅವಳು ಬೇಯಿಸಿದ್ದೆಲ್ಲ ಆ ಮುಖದ ಕೆಳಗೇ ಮಾರಾಟವಾಗಬೇಕಂತೆ.

ವಾಪಸು ಬರುವಾಗ ಗಾಡಿಯಲ್ಲಿ ಅವಳು ಕಿಟಕಿಯ ಪಕ್ಕ ಕುಳಿತಳು. ನ್ಸವಾಮ್ ಸ್ಟೇಷನ್ನಿನಲ್ಲಿ ಗಾಡಿ ನಿಧಾನವಾದಾಗ ಬ್ರೆಡ್ಡು ಮಾರುವವರು ಎಂದಿನಂತೆ ಕಿಟಕಿಗೆ ಓಡಿಬಂದರು. ನನ್ನ ಬ್ರೆಡ್ಡು ಹೊತ್ತವಳೇ ಮುಂದಿದ್ದಳು. ನಿನ್ನ ಸೋದರಸೊಸೆ ಅವಳನ್ನು ದಾಟಿ ಕೈ ಚಾಚಿ ಕೊರ್ಕೊರ್‌ಳ ಬ್ರೆಡ್ಡು ಕೊಂಡಳು. ನನ್ನ ಪಕ್ಕದಲ್ಲೇ ಕುಳಿತು ಅದನ್ನು ಸೀಳಿ, ಮೂಸಿ, ಒತ್ತಿ ನೋಡಿ, "ಅಮ್ಮಾ, ಇದು ಮೂರನೇ ದಿನಾನೂ ಮೆತ್ತಗಿರುತ್ತೆ. ನಮ್ದು ಯಾಕಿರಲ್ಲ?" ಎಂದಳು. ಇಡೀ ಗಾಡಿಗೆ ಕೇಳಿಸಿತು.

ಕೊರ್ಕೊರ್ ಯಾರೆಂದು ನಿನಗೆ ಗೊತ್ತು. ಸ್ಟೇಷನ್ನಿನ ಆಚೆ ಬದಿಯ ಕ್ರೋಬೊ ಜನಾಂಗದ ಹೆಂಗಸು. ಹನ್ನೆರಡು ವರ್ಷದಿಂದ ನನ್ನ ಗಿರಾಕಿಗಳನ್ನು ಎಳೆದುಕೊಂಡು ಬಂದವಳು. ಬಾಯಿಗೆ ಬಾಗಿಲಿಲ್ಲ. ಕಳೆದ ತಿಂಗಳು ಎಲ್ಲರೆದುರು, "ಏನಮ್ಮ, ನಿನ್ ಬ್ರೆಡ್ಡು ಜೋಡಿಸಿ ಗೋಡೆ ಕಟ್ಟೋ ಮೇಸ್ತ್ರಿ ಇವತ್ತೂ ಬರ್ಲಿಲ್ವಾ?" ಅಂದಳು. ಅವಳ ಬ್ರೆಡ್ಡಿಗೆ ಜಾಯಿಕಾಯಿ ಹೆಚ್ಚು, ಕೆಮ್ಮಿನ ಔಷಧಿ ತಿಂದ ಹಾಗಿರುತ್ತದೆ. ಅವಳ ಗುಣಗಾನಕ್ಕೆಂದು ನಾನು ಶಾಯಿ ಖರ್ಚು ಮಾಡುವುದಿಲ್ಲ. ಆದರೆ ನೀನು ಮನೆಯ ಯಜಮಾನ, ನಡೆದದ್ದು ನಿನಗೆ ತಿಳಿದಿರಬೇಕು. ಅವಳ ಕೈಕೆಳಗೆ ಕಲಿತ ಒಬ್ಬಳು ಸುಹುಮ್‌ನಲ್ಲಿ, ಇನ್ನೊಬ್ಬಳು ಅಬುರಿಯಲ್ಲಿ ಸ್ವಂತ ಭಟ್ಟಿ ನಡೆಸುತ್ತಿದ್ದಾರೆ. ಮೂರನೆಯವಳು ಕೊರ್ಕೊರ್‌ಳ ಎದುರಿಗೇ ಭಟ್ಟಿ ಹೂಡಿದ್ದಾಳೆ. ಕೊರ್ಕೊರ್ ದಿನವೂ ಅವಳನ್ನು "ನನ್ನ ಎದೆ ಮೇಲೆ ಕೂತ ಕಪ್ಪೆ" ಎಂದು ಬೈಯುತ್ತಾಳೆ. ಮೇ ತಿಂಗಳ ಗಾಳಿಮಳೆಗೆ ಆ ಹುಡುಗಿಯ ಭಟ್ಟಿ ಕುಸಿದಾಗ, ಬೈಯುತ್ತಲೇ ತನ್ನ ಭಟ್ಟಿಯನ್ನು ಬಿಟ್ಟುಕೊಟ್ಟಳು. ದಿನದ ಮೊದಲ ಕಾವು ಆ ಹುಡುಗಿಯ ಬ್ರೆಡ್ಡಿಗೆ, ಆಮೇಲೆ ತನ್ನದಕ್ಕೆ. ಮೂರು ವಾರ ಹೀಗೇ ನಡೆಯಿತು. ನಾನು ರಸ್ತೆಯ ಈಚೆಯಿಂದ ಕಣ್ಣಾರೆ ಕಂಡಿದ್ದೇನೆ.

ನಿನ್ನೆ ಚರ್ಚು ಮುಗಿದ ಮೇಲೆ ಅವಳು ನಮ್ಮ ಮನೆಗೆ ಬಂದಳು. ಒಳಗೆ ಕಾಲಿಡಲಿಲ್ಲ, ಬೇಲಿಯ ಆಚೆಯೇ ನಿಂತಳು.

"ನಿನ್ ಮಗಳು ಬೆಳಗ್ಗೆ ನನ್ ಭಟ್ಟಿ ಹತ್ರ ಬಂದು ನಿಂತಿದ್ಲು. ಕಲಿಸಿ ಅಂದ್ಲು. ವಾಪಸ್ ಅಟ್ಟಿದೆ. ಮನೇಲಿ ಹೇಳ್ದೆ ಬಂದ ಮೇಕೆಮರೀನ ನಾನು ಕಟ್ಕೊಳ್ಳಲ್ಲ. ನಿಮ್ಮ ಮನೆ ಯಜಮಾನ ಬಾಟ್ಲಿ ಹಿಡ್ಕೊಂಡು ಬರ್ಲಿ, ನೀನೂ ಜೊತೇಲಿ ಬಾ, ಆಮೇಲೆ ನೋಡೋಣ. ಒಂದು ಮಾತು ಈಗ್ಲೇ ಕೇಳ್ಕೋ. ಇವ್ಳು ನನ್ ಹತ್ರ ಕಲ್ತು ಸ್ಟೇಷನ್ನಿಗಿಳಿದ್ರೆ ಮೊದ್ಲು ಮುಳುಗೋದು ನಿನ್ ಬ್ರೆಡ್ಡು, ಆಮೇಲೆ ನಂದು. ನಂಗೆ ಅಭ್ಯಾಸ ಇದೆ. ನಿಂಗೆ ತಡಕೊಳ್ಳೋ ಶಕ್ತಿ ಇದ್ಯಾ?"

"ಮೊದ್ಲು ನೀನು ಜಾಯಿಕಾಯಿ ಕಡಿಮೆ ಮಾಡು," ಅಂದೆ.

"ಅದನ್ನ ನಿನ್ ಮಗಳೂ ಹೇಳಿದ್ಲು. ನನ್ ಮುಖಕ್ಕೇ ಹೇಳಿದ್ಲು. ಅದಕ್ಕೇ ಇಲ್ಲೀತನಕ ಬಂದೆ," ಎಂದು ಹೊರಟುಹೋದಳು.  ಇಂತಹ ಸೊಕ್ಕಿಗೆ ನಾನು ಉತ್ತರ ಕೊಡುವವಳಲ್ಲ. ಅವಳು ತನ್ನನ್ನು ಏನೆಂದುಕೊಂಡಿದ್ದಾಳೆ?

ಡೈರೆಕ್ಟರರ ವಿಷಯ ಮಾತ್ರ ಖಚಿತ. ಮಾತು ಕೊಟ್ಟವನು ನೀನು, ಹಿಂತೆಗೆಯಬೇಕಾದವನೂ ನೀನೇ. ಹೆಂಗಸು ಹೋಗಿ ಹೇಳಿದರೆ ಮನೆಯಲ್ಲಿ ಒಮ್ಮತವಿಲ್ಲವೆಂದು ಆ ಮನುಷ್ಯ ಅದನ್ನೂ ಒಂದು ಪಾಠ ಮಾಡಿಕೊಳ್ಳುತ್ತಾನೆ. ನಿನಗೆ ನಾಚಿಕೆಯಾಗುತ್ತದೆ, ಗೊತ್ತು. ಒಂದು ದಿನದ ನಾಚಿಕೆ. ಮಗಳಿಗೆ ಅದು ಮೂರು ವರ್ಷ.

ಅತ್ತಿಗೆಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುತ್ತು. ಸುರಂಗಕ್ಕೆ ಇಳಿಯುವಾಗಲೂ ಏರುವಾಗಲೂ ದೇವರು ನಿನ್ನ ಕೈ ಹಿಡಿದಿರಲಿ.

ನಿನ್ನ ತಂಗಿ,
ಫ್ರೆಂಪೊಮಾ

ಮತ್ತೆ: ಚಾಲಕ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಹೊಸದೊಂದು ಬಾಟಲಿ ಕೊಂಡು ಈ ಶುಕ್ರವಾರವೇ ಬಾ. ಅಗ್ಗದ್ದು ಬೇಡ, ಕೊರ್ಕೊರ್ ಮುಚ್ಚಳದ ಮೊಹರು ತಿರುಗಿಸಿ ನೋಡುತ್ತಾಳಂತೆ. ಸೆಚೆರೆವಾಳಿಗೆ ಇನ್ನೂ ಹೇಳಿಲ್ಲ. ಕೊರ್ಕೊರ್‌ಳ ಮನೆ ಬಾಗಿಲಲ್ಲಿ ಮಾತೆಲ್ಲ ನೀನೇ ಆಡು. ಬಾಟಲಿಯನ್ನು ನಾನು ಹಿಡಿದುಕೊಳ್ಳುತ್ತೇನೆ. ಎರಡೂ ಕೈಯಲ್ಲಿ ಏನಾದರೂ ಇದ್ದರೆ ನನ್ನ ಬಾಯಿ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ.