ಒದ್ದೆ ಬಟ್ಟೆಯೊಳಗಿನ ಮೂಗು

ಮನೆಯೊಡತಿಯ ಸನ್ನಿಧಾನಕ್ಕೆ,

ಇಲ್ಲಿ ಒಬ್ಬ ಶಿಲ್ಪಿಯ ಮನೆ ನೋಡಿದೆ. ಆ ಪುಣ್ಯಾತ್ಮ ತೀರಿಕೊಂಡು ಹನ್ನೊಂದು ವರ್ಷ. ತೋಟದ ತುಂಬ ಕಲ್ಲಿನ ಮಂದಿ. ಒಳಗೆ ಅವನ ಕುರ್ಚಿಗೆ ಯಾರೂ ಕೂರದಂತೆ ಹಗ್ಗ ಕಟ್ಟಿ ಕಾವಲಿದ್ದಾರೆ. ನನ್ನ ಕುರ್ಚಿಯ ಮೇಲೆ ನೀನು ಪೇರಿಸುವ ಇಸ್ತ್ರಿ ಬಟ್ಟೆ ನೆನಪಾಯಿತು. ಸಂಕಟವನ್ನು ಹೇಗೋ ನುಂಗಿಕೊಂಡೆ.

ಅವನು ಕೆಲಸ ಮಾಡುತ್ತಿದ್ದ ಕೋಣೆಯಲ್ಲಿ ಮಾತ್ರ ನುಂಗಲಾಗಲಿಲ್ಲ. ಅರ್ಧಕ್ಕೆ ಬಿಟ್ಟುಹೋದ ಜೇಡಿಮಣ್ಣಿನ ತಲೆಯೊಂದು ಅಲ್ಲಿದೆ, ಅವನ ಹೆಂಡತಿಯದೇ. ಮಣ್ಣು ಬಿರುಕು ಬಿಡಬಾರದೆಂದು ಆಕೆ ಒದ್ದೆ ಬಟ್ಟೆ ಹೊದಿಸಿ, ಇವತ್ತಿಗೂ ದಿನಾ ಬೆಳಿಗ್ಗೆ ನೀರು ಚಿಮುಕಿಸುತ್ತಾರೆ!

"ಇನ್ನೂ ಯಾಕಮ್ಮಾ?" ಎಂದೆ.

"ಮೂಗು ಸರಿಯಾಗಿಲ್ಲ ನೋಡಿ. ತಿದ್ದಿ ಕೊಡ್ತೀನಿ ಅಂದಿದ್ರು. ಒಣಗಿಬಿಟ್ರೆ ತಿದ್ದೋಕಾಗುತ್ತೇನ್ರೀ?" ಎಂದು ನನ್ನನ್ನೇ ದಬಾಯಿಸಿದರು.

ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದಂತೆ. ಪಟ್ಟೆ, ಧಾರಾಳವಾಗಿ ಪಟ್ಟೆ. ನಾನು ಗಟ್ಟಿಮುಟ್ಟಾಗಿ ಕಣ್ಣೆದುರಿಗೇ ಓಡಾಡುತ್ತಿರುವಾಗಲೇ ನನ್ನ ಅರ್ಧ ಬರೆದ ಕಾದಂಬರಿಯನ್ನು ಅಟ್ಟಕ್ಕೇರಿಸಿದವಳು ನೀನು. "ಇದು ಮುಗಿಸೋ ಮುಖ ಅಲ್ಲ" ಅಂದದ್ದು ಬೇರೆ.

ಆ ಮನೆಯ ಮೆಟ್ಟಿಲು ಹತ್ತಿ ಮಂಡಿ ಊದಿದೆ, ಮುಲಾಮು ಹಚ್ಚಿದ್ದೇನೆ. ಗುರುವಾರ ಬರುತ್ತೇನೆ. ಅಷ್ಟರೊಳಗೆ ಆ ಕಾಗದದ ಕಟ್ಟನ್ನು ಇಳಿಸಿ ಮೇಜಿನ ಮೇಲಿಡು. ದಿನಕ್ಕೊಮ್ಮೆ ಅದರ ಕಡೆ ನೋಡಿದರೂ ಸಾಕು. ನೀರು ಮಾತ್ರ ಚಿಮುಕಿಸಬೇಡ.

ಹೆಸರಿಗೆ ಮಾತ್ರ,
ನಿನ್ನ ಯಜಮಾನ